ಗಾಯ ಕಾಣದ ಸೈನಿಕನ ಪಿಂಚಣಿ



ಪುತ್ತೂರು, ಸುಳ್ಯ, ಕಡಬ ಕಡೆಯವರಾದ ನಿಮಗೆ ಮಾಜಿ ಸೈನಿಕರು ಹೊಸಬರಲ್ಲ. ಸುಳ್ಯದಿಂದ ಸಂಪಾಜೆ ದಾಟಿ ಘಾಟಿ ಹತ್ತಿದರೆ ಸೈನಿಕರ ನಾಡೆಂದೇ ಹೆಸರಾದ ಕೊಡಗು. ಘಾಟಿಯ ಕೆಳಗಿನ ಈ ಊರುಗಳಿಂದಲೂ ಯುವಕರು ಸೈನ್ಯಕ್ಕೆ ಹೋಗುತ್ತಾ ಬಂದಿದ್ದಾರೆ. ಹದಿನೈದು ಹದಿನೇಳು ವರ್ಷ ಸೇವೆ ಮಾಡಿ, ನಲವತ್ತು ತುಂಬುವ ಮೊದಲೇ ಊರಿಗೆ ಮರಳಿ, ಅಡಿಕೆ ತೋಟವೋ ಬ್ಯಾಂಕಿನ ಕಾವಲು ಕೆಲಸವೋ ಎಂದು ಎರಡನೆಯ ಬದುಕು ಆರಂಭಿಸುವವರು ಅನೇಕರು.

ಗುಂಡೇಟಿನಿಂದ ಕಾಲು ಕಳೆದುಕೊಂಡು ಬಂದವರಿಗೆ ಪಿಂಚಣಿ ಏಕೆಂದು ಯಾರೂ ಕೇಳುವುದಿಲ್ಲ. ಆದರೆ ರಕ್ತದೊತ್ತಡ, ಕಿವುಡುತನ, ಬೆನ್ನುಮೂಳೆಯ ನೋವು, ಮಧುಮೇಹ, ಮೂರ್ಛೆರೋಗ ಅಥವಾ ಮನಸ್ಸಿನ ಕಾಯಿಲೆ ಹೊತ್ತು ಬಂದವರ ಕಥೆ ಬೇರೆ. ಕಾಯಿಲೆ ಇದೆ ಎಂದು ಸೈನ್ಯದ ವೈದ್ಯರೇ ಬರೆದಿರುತ್ತಾರೆ; ಆದರೆ ಅಂಗವೈಕಲ್ಯ ಪಿಂಚಣಿ ಇಲ್ಲ ಎಂಬ ಉತ್ತರ ಬರುತ್ತದೆ. ಹೀಗೇಕಾಗುತ್ತದೆ?

ಒಂದು ಸಾಲಿನ ತೀರ್ಮಾನ

ಸೈನಿಕ ಸೇವೆ ಬಿಡುವ ಮೊದಲು ಅವನನ್ನು ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ. ಮಂಡಳಿ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು. ಅಂಗವೈಕಲ್ಯ ಶೇಕಡಾ ಎಷ್ಟು ಎಂಬುದು ಒಂದು. ಕಾಯಿಲೆ ಸೇವೆಯಿಂದ ಉಂಟಾಯಿತೇ, ಅಥವಾ ಮೊದಲೇ ಇದ್ದದ್ದು ಸೇವೆಯಿಂದ ಹೆಚ್ಚಾಯಿತೇ ಎಂಬುದು ಇನ್ನೊಂದು. ಸಾಮಾನ್ಯವಾಗಿ ಅಂಗವೈಕಲ್ಯ ಶೇಕಡಾ 20ಕ್ಕೆ ಕಡಿಮೆ ಇರಬಾರದು, ಮತ್ತು ಎರಡನೆಯ ಪ್ರಶ್ನೆಗೆ ಹೌದು ಎಂಬ ಉತ್ತರವಿರಬೇಕು. ಆಗ ಮಾತ್ರ ಪಿಂಚಣಿ.

ಹೆಚ್ಚಿನ ಅರ್ಜಿಗಳು ಎಡವುವುದು ಎರಡನೆಯ ಪ್ರಶ್ನೆಯಲ್ಲಿ. 'ಸೇವೆಯಿಂದ ಉಂಟಾದುದೂ ಅಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ' ಎಂಬರ್ಥದ ಒಂದು ಸಾಲನ್ನು ಮಂಡಳಿ ಬರೆದರೆ ಸಾಕು, ಅರ್ಜಿ ಬಿದ್ದುಹೋಯಿತು. 'ಇದು ದೇಹಪ್ರಕೃತಿಯಿಂದ ಬಂದ ಕಾಯಿಲೆ' ಎಂಬುದು ಅದರ ಜೊತೆಗೆ ಆಗಾಗ ಕಾಣುವ ಮಾತು.

ಮಂಡಳಿಯ ಕಷ್ಟವನ್ನೂ ನಾವು ಅರಿಯಬೇಕು. ಮಧುಮೇಹ, ರಕ್ತದೊತ್ತಡಗಳು ಸೈನ್ಯದ ಮುಖವನ್ನೇ ಕಾಣದವರಿಗೂ ಬರುತ್ತವೆ. ಪಿಂಚಣಿಯ ಹಣ ಸಾರ್ವಜನಿಕರ ಹಣ. ಅಧಿಕಾರಿಗಳಲ್ಲಿ ಜೀವನಶೈಲಿಯ ಕಾಯಿಲೆಗಳಿಗಾಗಿ ಅಂಗವೈಕಲ್ಯ ಪಿಂಚಣಿ ಪಡೆಯುವವರ ಪ್ರಮಾಣ ಹೆಚ್ಚಿದೆ ಎಂಬುದನ್ನು ಮಹಾಲೇಖಪಾಲರ 2023ರ ವರದಿಯೂ ಎತ್ತಿ ತೋರಿಸಿತ್ತು. ಆದ್ದರಿಂದ ಪರಿಶೀಲನೆ ಬೇಕು. ಆದರೆ ಪರಿಶೀಲನೆ ಬೇರೆ, ಕಾರಣ ಹೇಳದೆ ನಿರಾಕರಿಸುವುದು ಬೇರೆ.

ರುಜುವಾತಿನ ಹೊರೆ ಯಾರ ಮೇಲೆ?

ಈ ವಿಷಯದ ತಿರುಳು ಇಲ್ಲಿದೆ. ಸೈನ್ಯಕ್ಕೆ ಸೇರುವಾಗ ಯುವಕನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿಯೇ ತೆಗೆದುಕೊಳ್ಳುತ್ತಾರೆ. ದೋಷವಿದ್ದರೆ ಅಂದೇ ವಾಪಸು ಕಳುಹಿಸುತ್ತಾರೆ. 1982ರ ಅರ್ಹತಾ ನಿಯಮಗಳು ಇದನ್ನೇ ಆಧಾರವಾಗಿ ಇಟ್ಟುಕೊಂಡವು. ಸೇರುವಾಗ ಯಾವ ಕಾಯಿಲೆಯನ್ನೂ ದಾಖಲಿಸಿಲ್ಲವಾದರೆ ಆತ ಆರೋಗ್ಯವಂತನೆಂದೇ ತಿಳಿಯಬೇಕು; ಮುಂದೆ ಆರೋಗ್ಯ ಕೆಟ್ಟು ಸೇವೆಯಿಂದ ಹೊರಬಂದರೆ ಅದಕ್ಕೆ ಸೇವೆಯೇ ಕಾರಣವೆಂದು ಭಾವಿಸಬೇಕು; ರುಜುವಾತು ಮಾಡುವ ಹೊರೆ ಸೈನಿಕನ ಮೇಲೆ ಇಲ್ಲ; ಸಂದೇಹ ಉಳಿದರೆ ಅದರ ಲಾಭ ಅವನಿಗೇ ಸಲ್ಲಬೇಕು.

ಬರೆದ ನಿಯಮ ಇಷ್ಟು ಉದಾರವಾಗಿದ್ದರೂ ಕಡತಗಳಲ್ಲಿ ನಡೆದದ್ದು ತದ್ವಿರುದ್ಧ. ಇದನ್ನು ಸರ್ವೋಚ್ಚ ನ್ಯಾಯಾಲಯ 2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದ ಸಿಪಾಯಿಯೊಬ್ಬರನ್ನು 1994ರಲ್ಲಿ ಮೂರ್ಛೆರೋಗವೆಂದು ಮನೆಗೆ ಕಳುಹಿಸಿದ್ದರು. ಅಂಗವೈಕಲ್ಯ ಶೇಕಡಾ 20. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ಮಂಡಳಿ ಹೇಳಿತ್ತು. ಏಕೆ ಸಂಬಂಧವಿಲ್ಲ ಎಂಬುದಕ್ಕೆ ಕಾರಣ ಬರೆದಿರಲಿಲ್ಲ. ಕಾರಣವಿಲ್ಲದ ಅಭಿಪ್ರಾಯ ಸಲ್ಲದು, ಹೊರೆ ಸರ್ಕಾರದ್ದು ಎಂದು ನ್ಯಾಯಾಲಯ ಹೇಳಿ ಪಿಂಚಣಿ ಕೊಡಿಸಿತು. ಸೇವೆ ಬಿಟ್ಟ ಹತ್ತೊಂಬತ್ತು ವರ್ಷಗಳ ನಂತರ ದೊರೆತ ನ್ಯಾಯ ಅದು!

ಹಾಗೆಂದು ಎಲ್ಲರೂ ಗೆಲ್ಲುತ್ತಾರೆಂದು ತಿಳಿಯಬಾರದು. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ, ಮನಸ್ಸಿನ ಕೆಲವು ಕಾಯಿಲೆಗಳು ಸೇರುವಾಗಿನ ತಪಾಸಣೆಯಲ್ಲಿ ತಿಳಿಯದೆ ಇರಬಹುದು ಎಂದು ಅದೇ ನ್ಯಾಯಾಲಯ ಪಿಂಚಣಿಯನ್ನು ನಿರಾಕರಿಸಿತು. ನಿಯಮಗಳೂ ಬದಲಾಗಿವೆ. 2008ರಲ್ಲಿ ಒಮ್ಮೆ, 2023ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಹೊಸ ಅರ್ಹತಾ ನಿಯಮಗಳು ಬಂದವು. ಆದ್ದರಿಂದ ಯಾವ ದಿನಾಂಕದಂದು ಸೇವೆ ಬಿಟ್ಟರು ಎಂಬುದು ಬಹು ಮುಖ್ಯ.

ಹಣದ ಲೆಕ್ಕ

ಈ ಪಿಂಚಣಿಯಲ್ಲಿ ಎರಡು ಭಾಗಗಳುಂಟು: ದುಡಿದ ವರ್ಷಗಳಿಗೆ ಒಂದು, ಅಂಗವೈಕಲ್ಯಕ್ಕೆ ಇನ್ನೊಂದು. ಆರನೆಯ ವೇತನ ಆಯೋಗದ ನಂತರದ ಲೆಕ್ಕದಲ್ಲಿ ಪೂರ್ಣ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 100 ಅಂಗವೈಕಲ್ಯಕ್ಕೆ 12,000 ರೂಪಾಯಿ, ಶೇಕಡಾ 20ಕ್ಕೆ 2,400 ರೂಪಾಯಿ. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಶೇಕಡಾ 50ಕ್ಕಿಂತ ಕಡಿಮೆ ಇದ್ದುದನ್ನು 50ಕ್ಕೆ ಏರಿಸಿ ಕೊಡುವ ಪದ್ಧತಿಯೂ ಬಂತು. ಆಗ 2,400ರ ಬದಲು 6,000 ರೂಪಾಯಿ. ಅವಧಿ ಪೂರೈಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾದದ್ದು 2014ರ ಡಿಸೆಂಬರ್ 10ರಂದು.

ಸಿಪಾಯಿಗೆ ಸಾಮಾನ್ಯ ಪಿಂಚಣಿ ದೊರೆಯಲು ಹದಿನೈದು ವರ್ಷದ ಸೇವೆ ಬೇಕು. ಒಂಬತ್ತನೆಯ ವರ್ಷದಲ್ಲಿ ಕಾಯಿಲೆಯೆಂದು ಮನೆಗೆ ಬಂದವನಿಗೆ ಆ ಒಂದು ಸಾಲಿನ ತೀರ್ಮಾನದಿಂದ ತಿಂಗಳ ಆದಾಯದ ದಾರಿಯೇ ಮುಚ್ಚಿಹೋಗಬಹುದು. ಆತ ಔಷಧಿಯ ಚೀಟಿ ಹಿಡಿದು ಪುತ್ತೂರಿಗೋ ಮಂಗಳೂರಿಗೋ ಓಡಾಡಬೇಕು, ಮಕ್ಕಳನ್ನೂ ಓದಿಸಬೇಕು.

ಮುಂದಿನ ಮೆಟ್ಟಿಲುಗಳು

ಅರ್ಜಿ ತಿರಸ್ಕೃತವಾದರೆ ಮೊದಲನೆಯ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಎರಡನೆಯದು. ಪ್ರತಿಯೊಂದಕ್ಕೂ ಆರು ತಿಂಗಳ ಗಡುವಿದೆ. ಬಳಿಕ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಂತೆ ರಚನೆಯಾದ ಈ ಮಂಡಳಿ 2009ರಲ್ಲಿ ಕೆಲಸ ಆರಂಭಿಸಿತು. ಕರ್ನಾಟಕವು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಸುಬ್ರಹ್ಮಣ್ಯದ ಕಾಡಂಚಿನ ಹಳ್ಳಿಯ ಒಬ್ಬ ಮಾಜಿ ಹವಾಲ್ದಾರನಿಗೆ ಕೊಚ್ಚಿಯೆಂದರೆ ಪ್ರಯಾಣದ ಖರ್ಚು, ವಕೀಲರ ಶುಲ್ಕ, ಕೈಬಿಟ್ಟ ಕೆಲಸದ ದಿನಗಳು. ಹಾಗಾಗಿ ಎಷ್ಟೋ ಮಂದಿ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಗೆದ್ದವರ ವಿರುದ್ಧವೂ ಸರ್ಕಾರ ಮೇಲಿನ ನ್ಯಾಯಾಲಯಕ್ಕೆ ಹೋಗುವುದುಂಟು. ಇಂಥ ಅನಗತ್ಯ ವ್ಯಾಜ್ಯ ಕಡಿಮೆಯಾಗಬೇಕೆಂದು ರಕ್ಷಣಾ ಸಚಿವರು 2015ರಲ್ಲಿ ನೇಮಿಸಿದ್ದ ತಜ್ಞರ ಸಮಿತಿಯೇ ಹೇಳಿತ್ತು.

ಗಡುವು ದಾಟಿತೆಂದು ಕೈಚೆಲ್ಲಬೇಕಾಗಿಲ್ಲ. 1983ರಲ್ಲಿ ಹೊರಬಂದು 1999ರಲ್ಲಿ ನ್ಯಾಯಾಲಯಕ್ಕೆ ಹೋದ ಸೈನಿಕರೊಬ್ಬರ ಪ್ರಕರಣದಲ್ಲಿ, ಪಿಂಚಣಿಯ ಹಕ್ಕು ತಡವಾದ ಮಾತ್ರಕ್ಕೆ ಸಾಯುವುದಿಲ್ಲ, ಆದರೆ ಹಿಂಬಾಕಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಾತ್ರ ಎಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ತಡವಾದಷ್ಟೂ ನಷ್ಟ ಎಂಬುದು ಇದರ ಇನ್ನೊಂದು ಮುಖ.

ನೀವು ಮಾಡಬಹುದಾದುದು

ಈ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರುತ್ತವೆ. ನಿಮ್ಮ ಅಜ್ಜನ, ಮಾವನ ಅಥವಾ ನೆರೆಮನೆಯವರ ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ವೈದ್ಯಕೀಯ ಮಂಡಳಿಯ ವರದಿ ಇರಬಹುದು. ಅವರ ಒಪ್ಪಿಗೆ ಪಡೆದು ಓದಿ ಹೇಳಿ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಕಾಯಿಲೆ ಮೊದಲು ಕಾಣಿಸಿದ ಸ್ಥಳ, ಶೇಕಡಾವಾರು, ಮಂಡಳಿ ಕೊಟ್ಟ ಕಾರಣ, ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಾರಣದ ಜಾಗ ಬರಿದಾಗಿದ್ದರೆ ಅದನ್ನು ಗುರುತಿಸಿ. ವರದಿಯೇ ಇಲ್ಲವಾದರೆ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆದು ಪ್ರತಿ ಕೇಳಬಹುದು. ಮಾಹಿತಿ ಹಕ್ಕು ಕಾಯಿದೆಯೂ ನೆರವಿಗೆ ಬರುತ್ತದೆ. ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾರ್ಗದರ್ಶನ ಕೇಳಬಹುದು. ಪುತ್ತೂರು, ಸುಳ್ಯದ ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಕಾನೂನು ನೆರವಿನ ಬಗ್ಗೆ ವಿಚಾರಿಸಬಹುದು. ಸೈನಿಕ ಕುಟುಂಬಗಳಿಗೆ ಉಚಿತ ಕಾನೂನು ನೆರವು ನೀಡುವ 'ವೀರ್ ಪರಿವಾರ್ ಸಹಾಯತಾ ಯೋಜನೆ' 2025ರ ಜುಲೈ 26ರಂದು ಆರಂಭವಾಗಿದೆ.

ಅಂಗವೈಕಲ್ಯ ಪಿಂಚಣಿ ದಾನವಲ್ಲ. ಆರೋಗ್ಯವಂತನನ್ನು ಆರಿಸಿ ಕರೆದೊಯ್ದ ದೇಶ ಅವನನ್ನು ಕಾಯಿಲೆಯೊಡನೆ ಹಿಂದೆ ಕಳುಹಿಸಿದಾಗ ಏಕೆ ಹೀಗಾಯಿತು ಎಂಬುದಕ್ಕೆ ಉತ್ತರ ಕೊಡಬೇಕು. ಆ ಉತ್ತರ ಕಾಗದದಲ್ಲಿ ಇದೆಯೇ ಇಲ್ಲವೇ ಎಂದು ನೋಡುವಷ್ಟು ಓದು ನಿಮಗೆ ಈಗಾಗಲೇ ಬಂದಿದೆ.