ಗೂಡಿನಲ್ಲಿಟ್ಟ ಎಣ್ಣೆ ಉಣುಗನ್ನು ಓಡಿಸೀತೇ?

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿಯುವ ಹೊತ್ತಿಗೆ ಮಲೆನಾಡಿನ ಹೆಂಗಸರಿಗೆ ಇನ್ನೊಂದು ಕೆಲಸ ಕಾದೇ ಇರುತ್ತದೆ. ಕಾಡಿನಲ್ಲಿ ಉದುರಿದ ದರಗು ಗುಡಿಸಿ ತರಬೇಕು. ಕೊಟ್ಟಿಗೆಗೆ ಹಾಸಲು ಅದೇ ಬೇಕು, ತೋಟದ ಗೊಬ್ಬರಕ್ಕೂ ಅದೇ ಬೇಕು. ಬೆಳಗಿನ ತಿಂಡಿ ಮುಗಿಸಿ, ಬುಟ್ಟಿ ಹಿಡಿದು ನಾಲ್ಕು ಜನ ಸೇರಿ ಹೊರಟರೆ ಹರಟೆಗೂ ಅದೇ ಹೊತ್ತು.

2019 ರ ಜನವರಿಯಲ್ಲಿ ನನ್ನ ಹಿರಿಯ ಓರಗಿತ್ತಿ ಹೀಗೇ ಹೊರಟಿದ್ದರು. ಮನೆಗೆ ಬಂದಿದ್ದ ಆರೋಗ್ಯ ಕಾರ್ಯಕರ್ತೆ ಉಣುಗಿಗೆ ಹಚ್ಚುವ ಎಣ್ಣೆ ಕೊಟ್ಟು ಹೋಗಿ ವಾರವಾಗಿತ್ತು. “ಅಕ್ಕಾ, ಎಣ್ಣೆ ಹಚ್ಕೊಂಡ್ರಾ?” ಅಂತ ಕೇಳಿದೆ. “ಕೈಯೆಲ್ಲ ಜಿಗುಟು ಜಿಗುಟು ಆಗ್ತದೆ ಮಾರಾಯ್ತಿ. ಬಂದು ಅಡುಗೆ ಬೇರೆ ಮಾಡ್ಬೇಕು. ಇರ್ಲಿ ಬಿಡು,” ಅಂದರು. ನಾನೂ ಸುಮ್ಮನಾದೆ. ನಾನೇನು ಹಚ್ಚಿಕೊಂಡಿದ್ದೆನೇ? ಬಾಟಲಿ ಗೂಡಿನಲ್ಲಿ ಮುಚ್ಚಳ ತೆಗೆಯದೆ ಕೂತಿತ್ತು.

ವಾರದೊಳಗೆ ಅಕ್ಕನಿಗೆ ಜ್ವರ ಬಂತು. ಮಾಮೂಲು ಜ್ವರವಲ್ಲ. ತಲೆ ಸಿಡಿದು ಹೋಗುವಂಥ ನೋವು, ಸೊಂಟ ಕಾಲುಗಳ ಸೆಳೆತ, ವಾಂತಿ. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ತಿಳಿಯಿತು. ಹನ್ನೆರಡು ದಿನ ಆಸ್ಪತ್ರೆ. ದೇವರ ದಯೆ, ಬದುಕಿ ಬಂದರು. ಆದರೆ ಒಂದು ಕೊಡ ನೀರು ಎತ್ತುವ ತ್ರಾಣ ಬರಲು ಮೂರು ತಿಂಗಳು ಬೇಕಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಆ ಎಣ್ಣೆಯ ಬಾಟಲಿ ಗೂಡಿನಿಂದ ಹೊರಬಾಗಿಲ ಪಕ್ಕದ ಮೊಳೆಗೆ ಬಂದಿದೆ.

ಈ ಕಾಯಿಲೆ ಎಲ್ಲಿಂದ ಬಂತು?

1957 ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನಕ್ಕೂ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ ಇದು ಹೊಸ ವೈರಸ್ ಎಂದು ಕಂಡುಹಿಡಿದರು. ಆ ಕಾಡಿನ ಹೆಸರೇ ಕಾಯಿಲೆಗೂ ಬಂತು. ಜನ ಮಂಗನ ಕಾಯಿಲೆ ಅಂದರೂ ಮನುಷ್ಯರಿಗೆ ಅದನ್ನು ಅಂಟಿಸುವುದು ಮುಖ್ಯವಾಗಿ ಉಣುಗು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಆದ್ದರಿಂದ ರೋಗಿಯ ಆರೈಕೆ ಮಾಡಲು ಹೆದರಬೇಕಾಗಿಲ್ಲ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಟ ಹೆಚ್ಚು. ಆಗ ಕಾಡಿನಲ್ಲಿರುವುದು ಎಳೆಯ ಉಣುಗು, ಗಸಗಸೆ ಎಳ್ಳಿನಷ್ಟು ಗಾತ್ರದ್ದು. ದರಗಿನ ನಡುವೆ ಕೂತಿದ್ದು, ಹಾದು ಹೋಗುವವರ ಕಾಲಿಗೆ ಹತ್ತಿಕೊಳ್ಳುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮೊದಮೊದಲು ಮಲೆನಾಡಿನದ್ದೇ ಎನ್ನಿಸಿಕೊಂಡಿದ್ದ ಈ ಕಾಯಿಲೆ 2012 ರ ನಂತರ ಬಂಡೀಪುರದ ಕಡೆ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿಕೊಂಡಿದೆ. ಇದಕ್ಕೆಂದೇ ಆದ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯಿಂದ ಸಾಕಷ್ಟು ಫಲವಿಲ್ಲವೆಂದು 2022 ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆ ಊರೂರಿಗೆ ಬರುವ ತನಕ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ಉಪಾಯ.

ಯಾವ ಎಣ್ಣೆ, ಯಾವ ಕ್ರೀಮು?

ಮಲೆನಾಡಿನ ಆರೋಗ್ಯ ಕೇಂದ್ರಗಳು ಮೊದಲಿನಿಂದ ಹಂಚುತ್ತಿದ್ದುದು ಡಿಎಂಪಿ ಎಣ್ಣೆ. ಈಚಿನ ವರ್ಷಗಳಲ್ಲಿ ಡೆಪಾ ಎಣ್ಣೆ ಬಂದಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ್ದು ಇದು. ಪೇಟೆಯಲ್ಲಿ ಸಿಗುವ ಕ್ರೀಮುಗಳನ್ನು ಕೊಳ್ಳುವಾಗ ಡಬ್ಬದ ಮೇಲಿನ ಹೂವಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಡೀಟ್, ಪಿಕಾರಿಡಿನ್ ಇಂಥ ಹೆಸರು ಇದೆಯೇ, ಶೇಕಡಾ ಎಷ್ಟು ಇದೆ ನೋಡಿ. ಶೇಕಡಾ ಹೆಚ್ಚಿದ್ದರೆ ಹೆಚ್ಚು ಹೊತ್ತು ಕಾಯುತ್ತದೆ ಎಂದು ಅರ್ಥ. ಶೇಕಡಾ 10 ರ ಡೀಟ್ ಸುಮಾರು ಎರಡು ಗಂಟೆ ಬಂದರೆ, ಶೇಕಡಾ 30 ರದ್ದು ಐದು ಗಂಟೆಯಷ್ಟು ಬರುತ್ತದೆ. ಬೆವರಿದರೆ, ನೀರು ತಾಗಿದರೆ ಇನ್ನೂ ಬೇಗ ಇಳಿದು ಹೋಗುತ್ತದೆ, ಮತ್ತೆ ಹಚ್ಚಬೇಕು.

“ತೆಂಗಿನೆಣ್ಣೆಗೆ ಬೇವಿನೆಣ್ಣೆ ಬೆರೆಸಿ ಹಚ್ಚಿದರೆ ಸಾಲದೇ?” ಎಂದು ಕೇಳುವವರಿದ್ದಾರೆ. ಸಂಜೆ ಜಗಲಿಯ ಮೇಲೆ ಕೂತಾಗ ಸೊಳ್ಳೆಗೆ ಸ್ವಲ್ಪ ಹೊತ್ತು ಅದು ಆದೀತು. ಲಕ್ಕಿ ಸೊಪ್ಪಿನ ಹೊಗೆಯೂ ಹಾಗೆಯೇ. ಕಾಡಿನ ಉಣುಗಿಗೆ ಇವನ್ನು ನಂಬಿ ಹೋಗಬಾರದು. ವಾಸನೆ ಘಾಟಾಗಿದ್ದರೆ ಗುಣವೂ ಹೆಚ್ಚು ಎನ್ನುವುದು ತಪ್ಪು. ಇಂಗಿನ ವಾಸನೆಯಿಂದ ಸಾರಿಗೆ ಉಪ್ಪು ಬರುತ್ತದೆಯೇ? ಬೆಳ್ಳುಳ್ಳಿ ತಿಂದರೆ ಸೊಳ್ಳೆ ಹತ್ತಿರ ಬರುವುದಿಲ್ಲ ಎನ್ನುವ ಮಾತನ್ನೂ ನಂಬಬೇಡಿ.

ಹಚ್ಚುವ ಕ್ರಮ

ಒಂದು ತೊಟ್ಟು ಕೈಗೆ, ಒಂದು ತೊಟ್ಟು ಕಾಲಿಗೆ ಮುಟ್ಟಿಸಿದರೆ ಆಗಲಿಲ್ಲ. ಬಿಟ್ಟ ಜಾಗದಲ್ಲೇ ಕಚ್ಚುತ್ತದೆ. ಪಾದ, ಹಿಮ್ಮಡಿ, ಮೊಣಕಾಲಿನ ತನಕ, ಕೈ, ಕತ್ತು, ಹೀಗೆ ಬಟ್ಟೆ ಮುಚ್ಚದ ಜಾಗಕ್ಕೆಲ್ಲ ತೆಳ್ಳಗೆ ಸಮವಾಗಿ ಸವರಿ. ಕಣ್ಣು, ಬಾಯಿ, ಗಾಯಗಳ ಹತ್ತಿರ ಬೇಡ. ಸೀರೆ ನೆರಿಗೆಯ ಕೆಳಗೆ ಬರಿಗಾಲಲ್ಲಿ ಹೋಗುವ ಬದಲು ಉದ್ದ ತೋಳಿನ ಅಂಗಿ, ಪೈಜಾಮ ಹಾಕಿ, ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಮನೆಯ ಗಂಡಸರ ಹಳೆಯ ಅಂಗಿಯಾದರೂ ಆದೀತು, ನಾಚಿಕೆ ಏನಿಲ್ಲ. ದರಗಿನ ರಾಶಿಯ ಮೇಲೆ ಕೂತು ಎಲೆಯಡಿಕೆ ಹಾಕುವ ಅಭ್ಯಾಸ ಬಿಡಿ.

ಮನೆಗೆ ಬಂದ ಕೂಡಲೇ ಅಡುಗೆ ಮನೆಗೆ ನುಗ್ಗಬೇಡಿ. ಉಟ್ಟ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ. ಬಿಸಿನೀರು ಸೋಪಿನಲ್ಲಿ ಚೆನ್ನಾಗಿ ಮೀಯಿರಿ. ಜಿಗುಟೂ ಹೋಯಿತು, ಅಡುಗೆಗೆ ಕೈಯೂ ಶುದ್ಧವಾಯಿತು. ಅಕ್ಕನ ಆಕ್ಷೇಪಣೆಗೆ ಉತ್ತರ ಇಷ್ಟೇ ಇತ್ತು, ಆವತ್ತು ನನಗೆ ಹೊಳೆಯಲಿಲ್ಲ. ಮೀಯುವಾಗ ಮೊಣಕಾಲ ಹಿಂದೆ, ಕಂಕುಳು, ಸೊಂಟದ ದಾರದ ಸುತ್ತ, ಕಿವಿಯ ಹಿಂದೆ, ಕೂದಲಿನ ಬುಡ ತಡವಿ ನೋಡಿ. ಉಣುಗು ಕಚ್ಚಿ ಹಿಡಿದಿದ್ದರೆ ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಮಾಡಬೇಡಿ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ. ಉಗುರಿನಲ್ಲಿ ಹೊಸಕಬೇಡಿ.

ಪೇಟೆಯಲ್ಲಿರುವವರಿಗೆ

ಕಾಡಿಲ್ಲದ ಊರಿನ ಸೋದರಿಯರು ನಮಗೇನು ಎನ್ನಬೇಡಿ. ನಿಮಗೆ ಸೊಳ್ಳೆ ಇದೆಯಲ್ಲ! ಮಲೇರಿಯಾದ ಸೊಳ್ಳೆ, ಆನೆಕಾಲಿನ ಸೊಳ್ಳೆ ರಾತ್ರಿ ಕಚ್ಚುತ್ತವೆ, ಅದಕ್ಕೆ ಸೊಳ್ಳೆ ಪರದೆಯೇ ಲೇಸು. ಡೆಂಗ್ಯೂ, ಚಿಕೂನ್‌ಗುನ್ಯಾ ತರುವ ಸೊಳ್ಳೆ ಹಗಲು ಕಚ್ಚುವಂಥದ್ದು. ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಅದರ ಹಾವಳಿ ಜಾಸ್ತಿ. ಹಾಗಾಗಿ ರಾತ್ರಿ ಮಲಗುವಾಗ ಕ್ರೀಮು ಹಚ್ಚಿ ಬೆಳಿಗ್ಗೆ ಮಕ್ಕಳನ್ನು ಬರಿಗೈಲಿ ಶಾಲೆಗೆ ಕಳಿಸಿದರೆ ಡೆಂಗ್ಯೂಗೆ ಬಾಗಿಲು ತೆರೆದಂತೆಯೇ. ಸುರುಳಿ ಬತ್ತಿ ಹಚ್ಚುವವರು ಒಂದು ಮಾತು ಕೇಳಿ: ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಧೂಳು 75 ರಿಂದ 137 ಸಿಗರೇಟಿನಷ್ಟು ಎಂದು 2003 ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬಾಗಿಲು ಕಿಟಕಿ ಮುಚ್ಚಿ ಮಕ್ಕಳ ಪಕ್ಕ ಅದನ್ನು ಇಡಬಾರದು.

ನೆನಪಿಡಿ

ಎರಡು ತಿಂಗಳೊಳಗಿನ ಕೂಸಿಗೆ ಯಾವ ಕ್ರೀಮೂ ಬೇಡ, ಪರದೆ ಸಾಕು. ಇನ್ನೂ ಸಣ್ಣ ಮಕ್ಕಳಿಗೆ ಡಬ್ಬದ ಮೇಲೆ ಬರೆದ ವಯಸ್ಸು ನೋಡಿ, ವೈದ್ಯರನ್ನು ಕೇಳಿಯೇ ಹಚ್ಚಿ.

ಮಕ್ಕಳಿಗೆ ನಿಮ್ಮ ಅಂಗೈಗೆ ಹಾಕಿಕೊಂಡು ನೀವೇ ಸವರಿ. ಅವರ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹೋಗುತ್ತದೆ.

ಈ ಎಣ್ಣೆಯನ್ನು ಅಡುಗೆ ಎಣ್ಣೆಯ ಅಥವಾ ತಲೆಗೆಣ್ಣೆಯ ಸೀಸೆಗೆ ಎಂದೂ ಸುರಿದಿಡಬೇಡಿ. ಮಕ್ಕಳ ಕೈಗೆ ಎಟುಕದ ಕಡೆ, ಆದರೆ ನಿಮ್ಮ ಕಣ್ಣಿಗೆ ಬೀಳುವ ಕಡೆ ಇಡಿ.

ಡೀಟ್ ಇರುವ ಕ್ರೀಮು ಕನ್ನಡಕದ ಪ್ಲಾಸ್ಟಿಕ್ ಚೌಕಟ್ಟು, ಗಡಿಯಾರದ ಪಟ್ಟಿಗಳನ್ನು ಹಾಳು ಮಾಡುತ್ತದೆ. ಹಚ್ಚಿದ ಮೇಲೆ ಅಂಗೈ ತೊಳೆದುಕೊಳ್ಳಿ.

ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಡಿಗೆ ಹೋಗಿ ಬಂದವರಿಗೆ ವಾರದೊಳಗೆ ಜೋರು ಜ್ವರ ಬಂದರೆ ಮನೆಯಲ್ಲಿದ್ದ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, “ಕಾಡಿಗೆ ಹೋಗಿದ್ದೆ” ಎಂದು ಮೊದಲೇ ಹೇಳಿ. ಜ್ವರ ಇಳಿದ ಮೇಲೂ ಒಂದೆರಡು ವಾರದಲ್ಲಿ ಮರುಕಳಿಸಿ, ನಡುಕ, ಗಲಿಬಿಲಿ ಕಾಣಿಸಿದರೆ ತಡಮಾಡದೆ ಮತ್ತೆ ಹೋಗಿ.

ಈಗ ದರಗಿಗೆ ಹೊರಡುವಾಗ ಅಕ್ಕನೇ ಬಾಗಿಲಲ್ಲಿ ಅಡ್ಡ ನಿಲ್ಲುತ್ತಾರೆ. “ಕಾಲು ತೋರ್ಸು ನೋಡ್ವಾ,” ಅನ್ನುತ್ತಾರೆ. ಹಚ್ಚದಿದ್ದರೆ ಹೊಸಿಲು ದಾಟುವ ಹಾಗಿಲ್ಲ.