ಬಳ್ಳಿಯದೋ, ಬೂಷ್ಟಿನದೋ?

1960ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಜ್ಞಾನಿಗಳ ಸಭೆಯೊಂದರಲ್ಲಿ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಹೇಳಿದ್ದನ್ನು ಹಲವರು ನಂಬಲಿಲ್ಲ. ಮೆಕ್ಸಿಕೋದ ಅಜ್ಟೆಕರ ಪವಿತ್ರ ಬೀಜ ಓಲೋಲಿಯುಕಿಯಲ್ಲಿ ಲೈಸರ್ಜಿಕ್ ಆಮ್ಲದ ಅಮೈಡ್ ಇದೆ ಎಂದಿದ್ದರು ಅವರು. ಈ ಗುಂಪಿನ ವಸ್ತುಗಳು ಅಲ್ಲಿಯವರೆಗೆ ಸಿಕ್ಕಿದ್ದು ಎರ್ಗಾಟ್‌ನಂಥ ಶಿಲೀಂಧ್ರಗಳಲ್ಲಿ. ಹೂಬಿಡುವ ಬಳ್ಳಿಗೆ ಅವು ಎಲ್ಲಿಂದ ಬರಬೇಕು? ಹಾಫ್‌ಮನ್ ಬಾಸೆಲ್‌ನಲ್ಲಿ ವರ್ಷಗಟ್ಟಲೆ ಎರ್ಗಾಟ್ ಜೊತೆಗೇ ಏಗಿ ಎಲ್‌ಎಸ್‌ಡಿ ತಯಾರಿಸಿದವರು. ಅವರ ಪ್ರಯೋಗಾಲಯದಲ್ಲೇ ಏನೋ ಬೆರಕೆಯಾಗಿದೆ ಎಂಬ ಗುಮಾನಿ ಎದ್ದಿತು.

ಈ ಬೀಜದ ಬಗ್ಗೆ ಅನುಮಾನ ಹೊಸದಲ್ಲ. 1570ರ ದಶಕದಲ್ಲಿ ಮೆಕ್ಸಿಕೋ ಸುತ್ತಿದ ಸ್ಪೇನಿನ ವೈದ್ಯ ಫ್ರಾನ್ಸಿಸ್ಕೋ ಹರ್ನಾಂಡೆಸ್, ಇದನ್ನು ನೋವಿಗೆ, ಹೊಟ್ಟೆಯ ವಾಯುವಿಗೆ, ಸಿಫಿಲಿಸ್‌ಗೆ ಕೊಡುತ್ತಾರೆಂದೂ ದೇವರೊಡನೆ ಮಾತಾಡಲು ಪೂಜಾರಿಗಳು ಸೇವಿಸುತ್ತಾರೆಂದೂ ಬರೆದಿದ್ದ. 1629ರಲ್ಲಿ ಪಾದ್ರಿ ರುಯಿಸ್ ದೆ ಅಲಾರ್ಕೋನ್ ಸಿಟ್ಟಿನಿಂದಲೇ ದಾಖಲಿಸಿದ್ದು ಇನ್ನೂ ಸ್ವಾರಸ್ಯದ ಸಂಗತಿ: ರೋಗ ಎಲ್ಲಿಂದ ಬಂತೆಂದು ತಿಳಿಯಲು ಕಷಾಯ ಕುಡಿಯುತ್ತಿದ್ದವನು ವೈದ್ಯ, ಇಲ್ಲವೇ ಕೂಲಿಗೆ ಬಂದ ಮತ್ತೊಬ್ಬ. ರೋಗಿಯೇ ಕುಡಿಯಬೇಕೆಂದಿರಲಿಲ್ಲ!

1915ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಸ್ಯಾಫರ್ಡ್, ಓಲೋಲಿಯುಕಿ ಸಿಹಿಗೆಣಸಿನ ಕುಟುಂಬದ ಬಳ್ಳಿಯೆಂಬುದನ್ನು ಒಪ್ಪದೆ, ಆ ಕುಟುಂಬದಲ್ಲಿ ಮತ್ತು ಬರಿಸುವ ಗಿಡವೇ ಇಲ್ಲ, ಇದು ದತ್ತೂರವೇ ಎಂದು ತೀರ್ಪು ಕೊಟ್ಟುಬಿಟ್ಟರು. 1939ರಲ್ಲಿ ಸಸ್ಯವಿಜ್ಞಾನಿ ರಿಚರ್ಡ್ ಶುಲ್ಟಿಸ್ ಮೆಕ್ಸಿಕೋದ ಓಹಾಕಾದಲ್ಲಿ ಈ ಬಳ್ಳಿಯನ್ನೇ ಸಂಗ್ರಹಿಸಿದಾಗ ಆ ವಾದ ಬಿದ್ದುಹೋಯಿತು. ಹವ್ಯಾಸಿ ಅಣಬೆ ಸಂಶೋಧಕ ಗಾರ್ಡನ್ ವ್ಯಾಸನ್ ಕಳಿಸಿದ ಬೀಜಗಳು ಹಾಫ್‌ಮನ್ ಕೈ ಸೇರಿದ್ದು ಆಮೇಲೆ. ಇತರರೂ ಪರೀಕ್ಷಿಸಿ ಅದೇ ಫಲ ಕಂಡರು.

ಆದರೆ ಗುಮಾನಿಪಟ್ಟವರೂ ಪೂರ್ತಿ ತಪ್ಪಿರಲಿಲ್ಲ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಇದೇ ಕುಟುಂಬದ ಬಳ್ಳಿಗೆ ಶಿಲೀಂಧ್ರನಾಶಕ ಕೊಟ್ಟು ನೋಡಿದಾಗ ಶಿಲೀಂಧ್ರದೊಂದಿಗೆ ಎರ್ಗಾಟ್ ಗುಂಪಿನ ಆಲ್ಕಲಾಯ್ಡ್‌ಗಳೂ ಮಾಯವಾದವು. 2011ರಲ್ಲಿ ಓಲೋಲಿಯುಕಿಯ ಎಲೆಗಂಟಿದ ಶಿಲೀಂಧ್ರಕ್ಕೆ ಪೆರಿಗ್ಲಾಂಡುಲಾ ಟರ್ಬಿನೇ ಎಂದು ಹೆಸರಾಯಿತು. ಬೆರಕೆಯಾದದ್ದು ಬಾಸೆಲ್‌ನಲ್ಲಲ್ಲ, ಬಳ್ಳಿಯಲ್ಲೇ. ಬೀಜದ ಮೂಲಕ ಮುಂದಿನ ಪೀಳಿಗೆಗೂ ಈ ಶಿಲೀಂಧ್ರ ದಾಟುತ್ತದೆ.

ಹಾಗೆಂದು ಅಂಗಡಿಯ ಬೀಜ ತಂದು ಪರೀಕ್ಷೆಗೆ ಇಳಿಯಬಾರದು. 1955ರಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ 60ರಿಂದ 100 ಬೀಜ ತಿಂದು ಮಂಕಾಗಿ ಕೂತರು; ಇನ್ನೊಂದು ಪ್ರಯೋಗದಲ್ಲಿ 125ರವರೆಗೆ ತಿಂದವರಿಗೂ ಏನೂ ಆಗಲಿಲ್ಲ. ಬೀಜ ಎಣಿಸಿ ಪ್ರಮಾಣ ನಿರ್ಧರಿಸಲಾಗದು. ಎರ್ಗಾಟ್ ಬಳಗದ ವಸ್ತುಗಳು ರಕ್ತನಾಳಗಳನ್ನು ಬಿಗಿಯುತ್ತವೆ, ಗರ್ಭಕೋಶವನ್ನು ಹಿಂಡುತ್ತವೆ. ಗರ್ಭಿಣಿಯರು, ಹೃದ್ರೋಗಿಗಳು ಹತ್ತಿರವೂ ಸುಳಿಯಕೂಡದು. ನಮ್ಮಲ್ಲಿ ಬೆಳೆಯುವ ಸಮುದ್ರಪಾಲದ ಬೀಜದಲ್ಲೂ ಇದೇ ಬಳಗದ ಆಲ್ಕಲಾಯ್ಡ್‌ಗಳಿವೆ.