ನೀರಿನ ಬಾಟಲಿ: ಕುಲುಕಿ ಚೆಲ್ಲಿದರೆ ಸಾಕಾ?

ಮಕ್ಕಳು ಸ್ಕೂಲಿಗೆ ಒಯ್ಯೋ ಬಾಟಲಿಯ ಒಳಗೆ ಒಮ್ಮೆ ಬೆರಳಾಡಿಸಿ ನೋಡಿ. ಜಾರುತ್ತಾ? ಆ ಲೋಳೆಗೆ ಬಯೋಫಿಲ್ಮ್ ಅಂತಾರೆ. ಬಾಯಿಂದ, ಕೈಯಿಂದ ಸೇರಿದ ಬ್ಯಾಕ್ಟೀರಿಯಾಗಳು ಬಾಟಲಿಯ ಗೋಡೆಗೆ ಅಂಟಿಕೊಂಡು ತಮ್ಮ ಸುತ್ತ ಕಟ್ಟಿಕೊಳ್ಳುವ ಪದರ ಅದು. ನೀರು ಹಾಕಿ ಕುಲುಕಿದರೆ ಹೋಗಲ್ಲ, ಉಜ್ಜಲೇಬೇಕು. ಕಾಯಿಸಿ ಆರಿಸಿದ ನೀರೇ ಆದರೂ ಇಂಥ ಬಾಟಲಿಗೆ ಬಿದ್ದರೆ ಮತ್ತೆ ಕೆಡುತ್ತೆ. ಕಾಯಿಸಿದ ಶ್ರಮವೆಲ್ಲ ದಂಡ.

ನಾನು ಮಾಡೋದು ಇಷ್ಟು. ದಿನಾ ರಾತ್ರಿ ಬಿಸಿನೀರು, ಪಾತ್ರೆ ಸೋಪು ಹಾಕಿ ಉದ್ದ ಬ್ರಷ್‌ನಿಂದ ತಳದವರೆಗೂ ಉಜ್ಜುತ್ತೀನಿ. ಮುಚ್ಚಳದ ರಬ್ಬರ್ ವಾಷರ್ ಬಿಚ್ಚಿ ತೊಳೀತೀನಿ. ಕಪ್ಪು ಬೂಷ್ಟು ಅಡಗೋದು ಅಲ್ಲೇ. ಸ್ಟ್ರಾ ಇದ್ದರೆ ಅದಕ್ಕೊಂದು ಸಣ್ಣ ಬ್ರಷ್. ಆಮೇಲೆ ಮುಚ್ಚಳ ಹಾಕದೆ ಬೋರಲು ಇಟ್ಟು ಒಣಗಿಸ್ತೀನಿ. ಒದ್ದೆ ಬಾಟಲಿಗೆ ಮುಚ್ಚಳ ಬಿಗಿದರೆ ತೊಳೆದದ್ದೂ ವ್ಯರ್ಥ.

ಜ್ಯೂಸ್, ಗ್ಲೂಕೋಸ್ ಹಾಕಿದ ದಿನ ರಾತ್ರಿವರೆಗೆ ಕಾಯಬೇಡಿ, ಬಂದ ಕೂಡಲೇ ತೊಳೆಯಿರಿ. ಸಕ್ಕರೆ ಅಂದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ತಾಮ್ರದ ಬಾಟಲಿಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಅದರಲ್ಲಿ ಮಜ್ಜಿಗೆ, ನಿಂಬೆ ಶರಬತ್ತು ಮಾತ್ರ ಬೇಡ, ಹುಳಿಗೆ ತಾಮ್ರ ಬಿಡುತ್ತೆ.

ಎಷ್ಟು ಉಜ್ಜಿದರೂ ವಾಸನೆ ಹೋಗದ, ಒಳಗೆ ಗೀರು ಬಿದ್ದ ಪ್ಲಾಸ್ಟಿಕ್ ಬಾಟಲಿ ಇದ್ದರೆ ಬದಲಾಯಿಸಿಬಿಡಿ.